ಸ್ಟೋರ್ ರೂಮಿಗೆ ವೈಫೈ ಬಂದದ್ದು

ಅತ್ತೆಯ ವೈಕುಂಠ ಸಮಾರಾಧನೆ ಮುಗಿದ ಮಾರನೇ ಬೆಳಿಗ್ಗೆ ನನ್ನ ಕಂಪ್ಯೂಟರಿನಲ್ಲಿ ನೆಟ್ ಬರಲಿಲ್ಲ. ಸೂತಕದ ದಿನಗಳಲ್ಲಿ ಬಟ್ಟೆ ಹೊದಿಸಿಟ್ಟಿದ್ದ ಯಂತ್ರವನ್ನು ಮತ್ತೆ ಶುರು ಮಾಡಿ, ಶಿವಮೊಗ್ಗದ ಪ್ರೆಸ್ಸಿಗೆ ಒಂದು ಮದುವೆ ಕಾರ್ಡಿನ ಪ್ರೂಫ್ ಕಳಿಸೋಣ ಅಂತ ಕೂತಿದ್ದೆ. ಪರದೆಯ ಮೂಲೆಯಲ್ಲಿ ಕೆಂಪು ಇಂಟು ಮಾರ್ಕು ಬಿದ್ದಿತ್ತು. ವೈರು ಸಡಿಲವಾಗಿರಬೇಕು ಅಂದುಕೊಂಡು ಸಿಪಿಯು ಹಿಂದೆ ಕೈ ಹಾಕಿ ಅಲ್ಲಾಡಿಸಿದೆ. ಏನೂ ಆಗಲಿಲ್ಲ. ಆ ವೈರು ಸ್ಟೋರ್ ರೂಮಿನ ವೆಂಟಿಲೇಟರಿನಿಂದ ಹೊರಗೆ ಹೋಗಿ, ಮಳೆನೀರಿನ ಪೈಪಿಗೆ ಆತುಕೊಂಡು ಮೇಲಿನ ಮನೆಗೆ ಏರುತ್ತಿತ್ತು. ಹಿತ್ತಲಿಗೆ ಹೋಗಿ ತಲೆಯೆತ್ತಿ ನೋಡಿದರೆ ಮಹಡಿಯ ಕಿಟಕಿಯ ಕೆಳಗೆ ತುಂಡಾಗಿ ನೇತಾಡುತ್ತಿತ್ತು.

ಮೇಲೆ ನನ್ನ ಓರಗಿತ್ತಿ ಬಟ್ಟೆ ಹರವುತ್ತಿದ್ದರು. ನಾನು ಅವರನ್ನು ಅಕ್ಕ ಅನ್ನುತ್ತೇನೆ.

"ಅಕ್ಕಾ, ನೆಟ್ ವೈರು ಕಟ್ ಆಗಿದೆ ನೋಡಿ."

ಅವರು ಕೆಳಗೆ ಬಗ್ಗಲಿಲ್ಲ. ಸೀರೆಯೊಂದನ್ನು ಝಾಡಿಸಿ ತಂತಿಯ ಮೇಲೆ ಹಾಕುತ್ತಾ, "ಇಲಿ ಕಡಿದಿರಬೇಕು" ಅಂದರು.

ಇಲಿ ಕಡಿದರೆ ವೈರು ಚಿಂದಿಯಾಗುತ್ತದೆ. ಇದು ಕಟಿಂಗ್ ಪ್ಲೇಯರಿನಲ್ಲಿ ಒಂದೇ ಸಲಕ್ಕೆ ಕತ್ತರಿಸಿದ ಹಾಗಿತ್ತು. ಒಳಗಿನ ಬಣ್ಣ ಬಣ್ಣದ ಎಳೆಗಳು ಸಮನಾಗಿ ಕಾಣುತ್ತಿದ್ದವು.

ಕಾರಣ ನನಗೆ ಗೊತ್ತಿತ್ತು. ಹಿಂದಿನ ದಿನ ಮೇಲಿನ ಮನೆಯ ಊಟದ ಪಂಕ್ತಿಯಲ್ಲಿ ಕುಂಸಿಯಿಂದ ಬಂದಿದ್ದ ದೊಡ್ಡಮ್ಮ ಒಬ್ಬರು ಅಕ್ಕನ ಕೈ ಹಿಡಿದುಕೊಂಡು, "ಪುಣ್ಯವಂತೆ ಕಣಮ್ಮ ನೀನು. ಕೊನೆಗಾಲದಲ್ಲಿ ಅತ್ತೆ ಸೇವೆ ಮಾಡೋ ಭಾಗ್ಯ ಎಲ್ಲರಿಗೂ ಸಿಗಲ್ಲ" ಅಂದಿದ್ದರು. ಅಕ್ಕ ಸೆರಗಿನಿಂದ ಕಣ್ಣು ಒತ್ತಿಕೊಂಡರು. ನಾನು ಪಾಯಸದ ಪಾತ್ರೆ ಹಿಡಿದು ಅಲ್ಲೇ ನಿಂತಿದ್ದೆ. "ದೊಡ್ಡಮ್ಮ, ಅಕ್ಕನಿಗೆ ಮಂಡಿ ನೋವು, ಮೆಟ್ಟಿಲು ಇಳಿಯೋಕಾಗಲ್ಲ. ಅತ್ತೆ ಹೋದ ದಿನ ಮಾತ್ರ ಹೇಗೋ ಇಳಿದು ಬಂದ್ರು" ಅಂದೆ. ದನಿ ಏರಿಸಲಿಲ್ಲ. ಆದರೂ ಪಂಕ್ತಿಯ ಆ ತುದಿಯವರೆಗೆ ಕೇಳಿಸಿತು ಅಂತ ಕಾಣುತ್ತದೆ. ಯಾರೋ ಸಾರು ಕೇಳಿದರು, ಮಾತು ಅಲ್ಲಿಗೆ ನಿಂತಿತು. ಹಾಗೆ ಹೇಳಿದ್ದಕ್ಕೆ ನನಗೆ ಆಗಲೂ ಬೇಜಾರಿರಲಿಲ್ಲ, ಈಗಲೂ ಇಲ್ಲ.

ಅತ್ತೆ ಹಾಸಿಗೆ ಹಿಡಿದದ್ದು ಕೆಳಗಿನ ಮನೆಯಲ್ಲಿ, ನಮ್ಮ ಹಾಲ್‌ನಲ್ಲಿ. ಮಾವ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಭದ್ರಾವತಿಯ ನ್ಯೂ ಟೌನ್ ಆಚೆಗೆ ಕಟ್ಟಿಸಿದ ಮನೆ ಅದು. ಮೇಲೆ ಭಾವ, ಅಕ್ಕ. ಕೆಳಗೆ ನಾನು, ನನ್ನ ಗಂಡ, ಅತ್ತೆ. ಹಾಲ್‌ನ ಕಿಟಕಿ ಪಕ್ಕ ನನ್ನ ಕಂಪ್ಯೂಟರ್ ಇತ್ತು. ಅತ್ತೆಯ ಮಂಚ ಹಾಕಿದಾಗ ಅದು ಅಡುಗೆಮನೆ ಪಕ್ಕದ ಸ್ಟೋರ್ ರೂಮಿಗೆ ಹೋಯಿತು, ಅಕ್ಕಿ ಡ್ರಮ್ಮಿನ ಪಕ್ಕಕ್ಕೆ. ನಾನು ಡಿಟಿಪಿ ಕೆಲಸದವಳು. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಸಂಘಗಳ ವಾರ್ಷಿಕ ವರದಿ, ಯೂನಿವರ್ಸಿಟಿ ಹುಡುಗಿಯರ ಪ್ರಬಂಧ, ಎಲ್ಲವನ್ನೂ ಟೈಪ್ ಮಾಡಿ ಪುಟ ಕಟ್ಟಿ ಕೊಡುತ್ತೇನೆ. ಅತ್ತೆ ಕರೆದಾಗ ಕೀಬೋರ್ಡು ಬಿಟ್ಟು ಎದ್ದು ಹೋಗುವುದು, ಮಗ್ಗಲು ತಿರುಗಿಸುವುದು, ಬಟ್ಟೆ ಬದಲಿಸುವುದು, ಕೈ ತೊಳೆದು ಮತ್ತೆ ಬಂದು ವರನ ಹೆಸರಿನಿಂದ ಶುರು ಮಾಡುವುದು.

ಅತ್ತೆ ಒಳ್ಳೆಯ ಮಾತಾಡಿದವರಲ್ಲ. ನಾನು ಗಂಜಿ ಕುಡಿಸುವಾಗ ಬಾಗಿಲ ಕಡೆ ನೋಡುತ್ತಾ, "ಮೇಲಿನವರು ಬಂದಿದ್ರಾ?" ಅಂತ ಕೇಳುತ್ತಿದ್ದರು. ಇಲ್ಲ ಅಂದರೆ, "ಪಾಪ, ಅವಳಿಗೆ ಮಂಡಿ" ಅನ್ನುತ್ತಿದ್ದರು. ನನ್ನ ಬೆನ್ನಿನ ವಿಷಯ ಅವರು ಯಾವತ್ತೂ ಕೇಳಲಿಲ್ಲ.

ಸಂಜೆ ನನ್ನ ಗಂಡ ಮೇಲೆ ಹೋಗಿ ಭಾವನನ್ನು ಕೇಳಿದರು. ಮೆಟ್ಟಿಲ ಕೆಳಗೆ ನಿಂತಿದ್ದ ನನಗೆ ಎಲ್ಲವೂ ಕೇಳಿಸುತ್ತಿತ್ತು.

"ಕನೆಕ್ಷನ್ ಇರೋದು ನನ್ನ ಹೆಸರಲ್ಲಿ ಕಣೋ" ಅಂದರು ಭಾವ. "ಅಮ್ಮ ಇರೋವರೆಗೂ ಒಂದೇ ಮನೆ ಅಂತ ಕೊಟ್ಟಿದ್ದೆ. ಈಗ ನಿಮ್ಮ ವ್ಯವಸ್ಥೆ ನೀವು ಮಾಡ್ಕೊಳ್ಳಿ."

ನನ್ನ ಗಂಡ ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಗುಮಾಸ್ತರು. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಮಂಡಿಯಲ್ಲಿ ಜಗಳವಾದರೆ ಬಿಡಿಸುವುದು ಇವರೇ ಅಂತೆ. ಅಣ್ಣನ ಮುಂದೆ ಮಾತ್ರ ಇವರ ಬಾಯಿ ಏಳುವುದಿಲ್ಲ. ಕೆಳಗೆ ಬಂದು ಚಪ್ಪಲಿ ಬಿಡುತ್ತಾ, "ಹೋಗ್ಲಿ ಬಿಡು ಮಾರಾಯ್ತಿ, ನಾವೇ ಬೇರೆ ಹಾಕಿಸ್ಕೊಳ್ಳೋಣ" ಅಂದರು.

ಬೇರೆ ಕನೆಕ್ಷನ್‌ಗೆ ಹೇಳಿದೆವು. ಲೈನಿನವನು ಬಂದ. ನಮ್ಮ ಕಡೆ ಕಾರ್ಖಾನೆ ಏರಿಯಾದಲ್ಲಿ ತಮಿಳು ಬೆರೆಸಿ ಮಾತಾಡುವವರು ಬಹಳ, ಇವನೂ ಹಾಗೆ. ಕಂಬ ಇದ್ದದ್ದು ಮುಂದಿನ ರಸ್ತೆಯಲ್ಲಿ. ಹಾಗಾಗಿ ವೈರನ್ನು ಹಾಲ್‌ನ ಕಿಟಕಿಯಿಂದ ಒಳಗೆ ತಂದು, ಕ್ಯಾಲೆಂಡರಿನ ಮೊಳೆಗೆ ರೌಟರ್ ತೂಗುಹಾಕಿದ. "ಇಲ್ಲಿಂದ ಒಳ ರೂಮಿಗೆ ವೈರ್ ಎಳೀಬೇಕಂದ್ರೆ ನಡು ಗೋಡೆಗೆ ಒಂದು ಹೋಲ್ ಹಾಕ್ಬೇಕಮ್ಮಾ" ಅಂದ. ಹಾಕಪ್ಪ ಅಂದೆ. ಡ್ರಿಲ್ ಶಬ್ದ ಕೇಳಿದ್ದೇ ತಡ ಭಾವ ಇಳಿದು ಬಂದರು. ಅವರಿಗೆ ಮಂಡಿ ನೋವಿರಲಿಲ್ಲ.

"ಏನು ನಡೀತಿದೆ ಇಲ್ಲಿ?"

"ವೈರ್ ಹಾಕಿಸ್ತಿದೀವಿ ಅಣ್ಣ" ಅಂದರು ನನ್ನವರು. ಅವರು ಏಣಿ ಹಿಡಿದುಕೊಂಡಿದ್ದರು.

"ಮನೆ ಭಾಗ ಆಗಿಲ್ಲ ಇನ್ನೂ. ಆಗೋವರೆಗೂ ಈ ಗೋಡೆಗೆ ಒಂದು ತೂತೂ ಬೀಳೋ ಹಾಗಿಲ್ಲ. ಅಪ್ಪ ಕಟ್ಟಿಸಿದ ಮನೆ ಇದು."

ಲೈನಿನವನು ನನ್ನ ಮುಖ ನೋಡಿದ. ನಾನು ನನ್ನ ಗಂಡನ ಮುಖ ನೋಡಿದೆ. ಅವರು ಏಣಿಯ ಮೆಟ್ಟಿಲು ನೋಡುತ್ತಿದ್ದರು.

ಕಂಪ್ಯೂಟರನ್ನೇ ಹಾಲ್‌ಗೆ ತಂದುಬಿಡೋಣ ಅಂದೆ. ಅದಕ್ಕೂ ಭಾವನ ಹತ್ತಿರ ಉತ್ತರವಿತ್ತು. ವರ್ಷ ತುಂಬುವವರೆಗೆ ಅಮ್ಮನ ಮಂಚ ಕದಲಿಸಬಾರದು, ಅಲ್ಲಿ ದೀಪ ಇಡಬೇಕು. ದೀಪ ಇಡಬೇಕಾದವಳು ನಾನು. ನೆಲದ ಮೇಲೆ ವೈರು ಬಿಡೋಣವೆಂದರೆ ದೇವರಮನೆಯ ಹೊಸಿಲು, ಅಡುಗೆಮನೆಯ ಹೊಸಿಲು ಎರಡನ್ನೂ ದಾಟಿ ಓಡಾಡುವವರ ಕಾಲಿಗೇ ಬರುತ್ತಿತ್ತು. ಲೈನಿನವನು ಡ್ರಿಲ್ಲನ್ನು ಚೀಲಕ್ಕೆ ಹಾಕಿಕೊಂಡು, "ವೈಫೈ ಇದೆಯಲ್ಲಮ್ಮಾ, ಕಂಪ್ಯೂಟರಿಗೆ ಅದನ್ನೇ ಹಾಕಿಸಿ" ಅಂದು ಹೋದ.

ನನ್ನ ಕಂಪ್ಯೂಟರಿಗೆ ವೈಫೈ ಇರಲಿಲ್ಲ. ವೈರಿನ ಕಾಲದ ಯಂತ್ರ ಅದು. ಹೊಸದು ತೆಗೆದುಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಬಳಸುವ ಕನ್ನಡ ತಂತ್ರಾಂಶ, ಆ ಹಳೇ ಫಾಂಟುಗಳು ಹೊಸ ಯಂತ್ರದಲ್ಲಿ ತೆರೆಯುವುದಿಲ್ಲ. ಪ್ರೆಸ್ಸಿನವರಿಗೆ ಬೇಕಾದದ್ದು ಆ ಫಾಂಟೇ. ನನ್ನ ಇಷ್ಟು ವರ್ಷಗಳ ಕೆಲಸವೆಲ್ಲ ಅದರಲ್ಲೇ ಇದೆ. ಅದು ಹೋದರೆ ನಾನು ಮನೆಯಲ್ಲಿ ಸುಮ್ಮನೆ ಇರುವ ಸೊಸೆ.

ಮದುವೆ ಕಾರ್ಡಿನ ಪ್ರೂಫನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಶಿವಮೊಗ್ಗದ ಬಸ್ಸು ಹತ್ತಿದೆ. ಪ್ರೆಸ್ಸು ಇರುವುದು ಕೋಟೆ ಏರಿಯಾದಲ್ಲಿ, ಹೂವಿನಂಗಡಿಗಳ ಹಿಂದಿನ ಓಣಿಯಲ್ಲಿ. ಮಾಲೀಕರು ವಯಸ್ಸಿನಲ್ಲಿ ನನಗಿಂತ ದೊಡ್ಡವರಾದರೂ ನನಗೆ ಮೇಡಂ ಅನ್ನುತ್ತಾರೆ. ಆ ದಿನವೂ ಮೇಡಂ ಅಂದರು, ಕುರ್ಚಿ ತೋರಿಸಿದರು. ಅತ್ತೆಯ ವಿಷಯಕ್ಕೆ ನಾಲ್ಕು ಮಾತು ಆಡಿದರು. ಆಮೇಲೆ ನಾನು ಪೆನ್‌ಡ್ರೈವ್ ತೆಗೆದಾಗ ಅವರ ಮುಖ ಒಂದು ಥರಾ ಆಯಿತು.

"ಆ ಕಾರ್ಡು ಪ್ರಿಂಟ್ ಆಗಿಹೋಯ್ತು ಮೇಡಂ."

"ಯಾರು ಮಾಡಿದ್ರು?"

"ಪಾರ್ಟಿ ಅರ್ಜೆಂಟ್ ಮಾಡಿದ್ರು. ನಿಮಗೆ ಸೂತಕ, ಹೇಗೆ ಕೇಳೋದು? ಇಲ್ಲೇ ಒಬ್ಬರನ್ನ ಇಟ್ಕೊಂಡೆ. ಫೋನಲ್ಲೇ ಟೈಪ್ ಮಾಡಿ ಹಾಕ್ತಾರೆ, ಅಲ್ಲೇ ವಾಟ್ಸಾಪಲ್ಲಿ ಪಾರ್ಟಿಗೆ ಹೋಗುತ್ತೆ." ಅವರು ಮೇಜಿನ ಮೇಲಿನ ಕಾರ್ಡೊಂದನ್ನು ನನ್ನ ಕಡೆ ಸರಿಸಿದರು. ವಧುವಿನ ತಂದೆಯ ಹೆಸರಿನಲ್ಲಿ ಒತ್ತಕ್ಷರ ತಪ್ಪಿತ್ತು. ತೋರಿಸಿದೆ. "ಯಾರೂ ಓದಲ್ಲ ಬಿಡಿ ಮೇಡಂ ಈಗ. ಫೋಟೋ ನೋಡ್ತಾರೆ, ಛತ್ರದ ಹೆಸರು ನೋಡ್ತಾರೆ" ಅಂದರು. ಬೇಕೆಂದು ಹೇಳಿದ್ದಲ್ಲ. ಅವರಿಗೆ ನಿಜವಾಗಿ ಹಾಗನ್ನಿಸಿತ್ತು. ಅದೇ ನನಗೆ ಹೆಚ್ಚು ಚುಚ್ಚಿತು.

ಮಧ್ಯಾಹ್ನದ ಹೊತ್ತಿಗೆ ನನ್ನ ಗಂಡ ಮಂಡಿಯಿಂದ ಬಂದರು. ಇಬ್ಬರೂ ದುರ್ಗಿಗುಡಿಯ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆವು. ನಾನು ಅಂಗಡಿಯವನಿಗೆ, ಹಳೇ ಡೆಸ್ಕ್‌ಟಾಪಿಗೆ ವೈಫೈ ಹಾಕಬೇಕು ಅಂದೆ. ಅವನು ನನ್ನ ಗಂಡನ ಕಡೆ ತಿರುಗಿ, "ಯಾವ ವಿಂಡೋಸ್ ಸರ್?" ಅಂತ ಕೇಳಿದ.

ನನ್ನ ಗಂಡ ನನ್ನನ್ನು ನೋಡಿದರು. ನಾನು ಹೇಳಿದೆ.

"ಅಯ್ಯೋ, ಇನ್ನೂ ಅದೇನಾ ಸರ್? ಎಷ್ಟು ಬಿಟ್ ಅದು?"

ಮತ್ತೆ ನನ್ನ ಗಂಡ ನನ್ನನ್ನು ನೋಡಿದರು. ಮತ್ತೆ ನಾನು ಹೇಳಿದೆ.

"ಒಳಗೆ ಕೂರಿಸೋ ಕಾರ್ಡ್ ಬೇಕಾ ಸರ್, ಹೊರಗೆ ಯುಎಸ್‌ಬಿಗೆ ಸಿಕ್ಕಿಸೋದು ಬೇಕಾ?"

"ಸಾರ್‌ಗೆ ಗೊತ್ತಿಲ್ಲ, ನನ್ನನ್ನ ಕೇಳಿ" ಅಂದೆ. ಅವನು ನಕ್ಕ. "ಮೇಡಂ ಸ್ವಲ್ಪ ಗರಂ" ಅಂದ, ಅದನ್ನೂ ನನ್ನ ಗಂಡನಿಗೇ. ಒಳಗೆ ಕೂರಿಸುವುದಾದರೆ ಸಿಪಿಯು ಹೊತ್ತು ತರಬೇಕು, ಅವನೇ ಬಿಚ್ಚಬೇಕು. ಆ ಪೆಟ್ಟಿಗೆಯನ್ನು ಅವನ ಕೈಗೆ ಕೊಡುವ ಮನಸ್ಸು ನನಗಿರಲಿಲ್ಲ. ಉಗುರಿನಷ್ಟಿದ್ದ ಯುಎಸ್‌ಬಿ ಅಡಾಪ್ಟರೊಂದನ್ನು ತೆಗೆದುಕೊಂಡೆ. "ಹಾಕಿದ ತಕ್ಷಣ ಬರುತ್ತೆ ಸರ್" ಅಂತ ಪ್ಯಾಕೆಟ್ಟನ್ನು ನನ್ನ ಗಂಡನ ಕೈಗಿಟ್ಟ.

ಹಾಕಿದ ತಕ್ಷಣ ಬರಲಿಲ್ಲ. ಮಾರನೇ ಮಧ್ಯಾಹ್ನ ಅಡುಗೆಮನೆ ಕೆಲಸ ಮುಗಿಸಿ ಕೂತೆ. ಕಂಪ್ಯೂಟರ್ ಅದನ್ನು ಗುರುತಿಸಲೇ ಇಲ್ಲ, ಡ್ರೈವರ್ ಬೇಕು ಅಂತು. ಯಂತ್ರಕ್ಕೂ ಈ ಚೂರಿಗೂ ಪರಿಚಯ ಮಾಡಿಸುವ ಒಂದು ಸಣ್ಣ ಪ್ರೋಗ್ರಾಂ ಅದು. ಪ್ಯಾಕೆಟ್ಟಿನಲ್ಲಿ ಒಂದು ಪುಟ್ಟ ಸಿ.ಡಿ. ಇತ್ತು. ನನ್ನ ಸಿ.ಡಿ. ಡ್ರೈವಿನ ಬಾಗಿಲು ತೆರೆದು ಯಾವ ಕಾಲವಾಗಿತ್ತೋ. ಹೇರ್‌ಪಿನ್ ಹಾಕಿ ಎಬ್ಬಿಸಿದೆ, ತೆರೆಯಿತು, ಸಿ.ಡಿ. ಹಾಕಿದರೆ ಗುರ್ ಅಂದು ಸುಮ್ಮನಾಯಿತು. ಉಳಿದ ದಾರಿ ಡ್ರೈವರನ್ನು ನೆಟ್‌ನಿಂದ ಇಳಿಸಿಕೊಳ್ಳುವುದು. ನೆಟ್ ಬರಲು ಡ್ರೈವರ್ ಬೇಕು, ಡ್ರೈವರ್ ಇಳಿಸಲು ನೆಟ್ ಬೇಕು. ಅಕ್ಕಿ ಡ್ರಮ್ಮಿಗೆ ಒರಗಿಕೊಂಡು ಸ್ವಲ್ಪ ಹೊತ್ತು ಹಾಗೇ ಕೂತೆ. ಮೇಲೆ ಅಕ್ಕನ ಟಿವಿಯಲ್ಲಿ ಯಾವುದೋ ಧಾರಾವಾಹಿಯ ಅಳು ಕೇಳುತ್ತಿತ್ತು.

ಆಮೇಲೆ ಫೋನಿನಲ್ಲಿ ಹುಡುಕಿದೆ. ಅಡಾಪ್ಟರಿನ ಬೆನ್ನಿನ ಮೇಲಿದ್ದ ಅಕ್ಷರಗಳು ಕಾಣದೆ, ಅತ್ತೆಯ ಮಾತ್ರೆ ಚೀಟಿ ಓದಲು ಇಟ್ಟಿದ್ದ ಭೂತಗನ್ನಡಿ ತಂದೆ. ಡ್ರೈವರ್ ಫೋನಿಗೆ ಇಳಿಯಿತು. ಚಾರ್ಜರಿನ ವೈರಿನಿಂದಲೇ ಫೋನನ್ನು ಕಂಪ್ಯೂಟರಿಗೆ ಜೋಡಿಸಿ ಅದನ್ನು ಆ ಕಡೆ ಹಾಕಿದೆ. ಅದು ಹೊಸ ಯಂತ್ರಗಳದ್ದಂತೆ, ಒಪ್ಪಲಿಲ್ಲ. ಮತ್ತೆ ಹುಡುಕಿ ಹಳೆಯದನ್ನು ಇಳಿಸಿದೆ. ಯಂತ್ರ ಆಫ್ ಆಗಿ ಆನ್ ಆಯಿತು. ಅಡಾಪ್ಟರಿನ ತುದಿಯಲ್ಲಿ ಸಣ್ಣ ನೀಲಿ ದೀಪ ಮಿಣುಕಿತು.

ಖುಷಿಯಾಯಿತು ಅಂತ ಬರೆಯಬೇಕು. ಆಯಿತು ಕೂಡ. ಸುತ್ತಲಿನ ನೆಟ್‌ವರ್ಕುಗಳ ಪಟ್ಟಿ ತೆರೆಯುವವರೆಗೆ.

ಎಲ್ಲಕ್ಕಿಂತ ಮೇಲೆ, ಸಿಗ್ನಲ್ಲಿನ ಎಲ್ಲ ಗೆರೆಗಳೂ ತುಂಬಿಕೊಂಡು, ಇಂಗ್ಲಿಷ್ ಅಕ್ಷರಗಳಲ್ಲಿ "ಅಮ್ಮನ ಆಶೀರ್ವಾದ" ಅಂತಿತ್ತು. ಪಕ್ಕದಲ್ಲಿ ಬೀಗದ ಗುರುತು. ಭಾವ ಮೇಲಿನ ಮನೆಯ ವೈಫೈಗೆ ಹೊಸ ಹೆಸರಿಟ್ಟಿದ್ದರು. ಅವರ ರೌಟರ್ ಇದ್ದದ್ದು ಸರಿಯಾಗಿ ನನ್ನ ಸ್ಟೋರ್ ರೂಮಿನ ತಲೆಯ ಮೇಲೆ, ಹಾಗಾಗಿ ನನ್ನ ಕಂಪ್ಯೂಟರಿಗೆ ಅದೇ ಎಲ್ಲಕ್ಕಿಂತ ಚೆನ್ನಾಗಿ ಸಿಗುತ್ತಿತ್ತು. ನಮ್ಮದು ಪಟ್ಟಿಯ ಕೊನೆಯಲ್ಲಿ, ಪಕ್ಕದ ಮನೆಯವರದಕ್ಕಿಂತ ಕೆಳಗೆ, ಒಂದೇ ಗೆರೆಯಲ್ಲಿ ಇತ್ತು. ಹಾಲ್‌ನಿಂದ ಎರಡು ಗೋಡೆ ದಾಟಿ ಬರುವಷ್ಟರಲ್ಲಿ ಅದಕ್ಕೆ ಉಸಿರೇ ಉಳಿದಿರಲಿಲ್ಲ. ಅಡಾಪ್ಟರ್ ಸಿಪಿಯುವಿನ ತಗಡಿನ ಹಿಂದೆ ಇದ್ದದ್ದೂ ಒಂದು ಕಾರಣ. ಉದ್ದನೆಯ ಯುಎಸ್‌ಬಿ ವೈರೊಂದನ್ನು ತರಿಸಿ, ಅದರ ತುದಿಗೆ ಅಡಾಪ್ಟರ್ ಸಿಕ್ಕಿಸಿ, ಬಾಗಿಲ ಚೌಕಟ್ಟಿನ ಮೇಲೆ ಮಲಗಿಸಿದೆ. ಗೋಡೆಗೆ ತೂತು ಹಾಕಲಿಲ್ಲ, ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದೆ. ಇನ್ನೊಂದು ಗೆರೆ ಬಂತು. ಅಷ್ಟರಲ್ಲಿ ಕೆಲಸ ನಡೆಯುತ್ತದೆ.

ಕೆಲಸವೇ ಬರಲಿಲ್ಲ. ನೆಟ್ ಬಂದಿದೆ ಅಂತ ಪ್ರೆಸ್ಸಿಗೆ ಫೋನ್ ಮಾಡಿದೆ. "ಒಳ್ಳೇದಾಯ್ತು ಮೇಡಂ, ಇದ್ದರೆ ಕಳಿಸ್ತೀನಿ" ಅಂದರು. ಮದುವೆ ಕಾರ್ಡುಗಳು ಮತ್ತೆ ನನ್ನ ಕಡೆ ಬರಲಿಲ್ಲ. ಬಂದದ್ದೆಲ್ಲ ರಿಪೇರಿ ಕೆಲಸ. ಅಲ್ಲಿ ಫೋನಿನಲ್ಲಿ ಹೊಡೆದದ್ದನ್ನು ಹಳೇ ಫಾಂಟಿಗೆ ತಿರುಗಿಸಿದಾಗ ಒತ್ತಕ್ಷರಗಳು ಒಡೆದು ಚೆಲ್ಲಾಪಿಲ್ಲಿಯಾಗುತ್ತವೆ. ಅದನ್ನು ಹೆಕ್ಕಿ ಕೂರಿಸುವ ಕೆಲಸ ನನಗೆ. ಬೇರೆಯವರು ಮಾಡಿದ ಅಡುಗೆಯಲ್ಲಿ ಕಲ್ಲು ಆರಿಸಿದ ಹಾಗೆ. ಅದನ್ನೂ ಬಿಡಲಾಗಲಿಲ್ಲ.

ಅತ್ತೆಯ ವರ್ಷ ಹತ್ತಿರ ಬಂತು. ಒಂದು ಮಧ್ಯಾಹ್ನ ಪ್ರೆಸ್ಸಿನಿಂದ ಮೇಲ್ ಬಂತು, ಜೊತೆಗೆ ಫೋನಿಗೆ ಮೆಸೇಜು: "ಮೇಡಂ, ಪೇಪರಿನ ಜಾಹೀರಾತು, ಅರ್ಜೆಂಟ್. ಒತ್ತಕ್ಷರ ಸರಿ ಮಾಡಿ. ಫೋಟೋದಲ್ಲಿ ಭುಜದ ಹತ್ತಿರ ಯಾರದೋ ಬೆರಳು ಬಂದಿದೆ, ಅದನ್ನೂ ತೆಗೆದುಬಿಡಿ."

ತೆರೆದರೆ ಅತ್ತೆ. "ಪ್ರಥಮ ವರ್ಷದ ಪುಣ್ಯಸ್ಮರಣೆ" ಅಂತ ಮೇಲೆ. ಕೆಳಗೆ ಭಾವನ ಹೆಸರು, ಅಕ್ಕನ ಹೆಸರು, ಮಗ ಮತ್ತು ಸೊಸೆ ಅಂತ. "ತಮ್ಮ ಸೇವೆಯ ಭಾಗ್ಯ ಪಡೆದ" ಅನ್ನುವ ಸಾಲು ಅವರ ಹೆಸರಿಗೆ ಮುಂಚೆ. ಅದರ ಕೆಳಗೆ "ಹಾಗೂ ಬಂಧುಮಿತ್ರರು". ನಾನೂ ನನ್ನ ಗಂಡನೂ ಬಂಧುಮಿತ್ರರಲ್ಲಿದ್ದೆವು.

ಆ ಫೋಟೋ ನನಗೆ ಚೆನ್ನಾಗಿ ನೆನಪಿದೆ. ದೀಪಾವಳಿಯ ಬೆಳಿಗ್ಗೆ. ಅತ್ತೆಗೆ ಎಣ್ಣೆ ಹಚ್ಚಿ, ಬಿಸಿನೀರಿನಲ್ಲಿ ಮೈ ಒರೆಸಿ, ಹೊಸ ಸೀರೆ ಸುತ್ತಿದ್ದೆ. ಭಾವ ಫೋನು ಹಿಡಿದು ಬಂದರು. ಅತ್ತೆಗೆ ಕೂರಲು ಆಗುತ್ತಿರಲಿಲ್ಲ. ನಾನು ಮಂಚದ ಮೇಲೆ ಹಿಂದಿನಿಂದ ಮಂಡಿಯೂರಿ ಭುಜ ಹಿಡಿದು ಕೂರಿಸಿದೆ. "ನೀನು ಸ್ವಲ್ಪ ತಗ್ಗು, ತಲೆ ಕಾಣ್ತಿದೆ" ಅಂದಿದ್ದರು ಭಾವ. ತಗ್ಗಿದೆ. ಬೆರಳು ಮಾತ್ರ ಉಳಿದುಕೊಂಡಿತ್ತು.

ಗಂಡನಿಗೆ ಫೋನ್ ಮಾಡಿದೆ. ಹಿಂದೆ ಮಂಡಿಯ ಗದ್ದಲ ಕೇಳುತ್ತಿತ್ತು. ವಿಷಯ ಹೇಳಿದೆ.

"ಅಣ್ಣ ಮರೆತಿರಬೇಕು" ಅಂದರು.

"ಸೇರಿಸಲಾ? ನನ್ನ ಕೈಯಲ್ಲೇ ಇದೆ. ನಿಮ್ಮ ಹೆಸರೊಂದನ್ನಾದರೂ ಸೇರಿಸ್ತೀನಿ. ಅಚ್ಚಾಗಿ ಬಂದಮೇಲೆ ಯಾರು ಏನು ಮಾಡೋಕಾಗುತ್ತೆ?"

"ಬೇಡ ಮಾರಾಯ್ತಿ."

"ನೀವೂ ಅವರ ಮಗನೇ ಅಲ್ವಾ?"

"ಮತ್ತೆ ಜಗಳ ಯಾಕೆ? ಭಾಗದ ಮಾತು ಬೇರೆ ನಡೀತಿದೆ. ಅವರು ಹೇಗೆ ಕೊಟ್ಟಿದಾರೋ ಹಾಗೇ ಕಳಿಸು." ಆಮೇಲೆ ದನಿ ತಗ್ಗಿಸಿ, "ಫೋಟೋ ಚೆನ್ನಾಗಿದೆಯಾ?" ಅಂತ ಕೇಳಿದರು.

"ಚೆನ್ನಾಗಿದೆ" ಅಂದೆ. ಫೋನ್ ಇಟ್ಟೆ.

ಒಡೆದ ಒತ್ತಕ್ಷರಗಳನ್ನೆಲ್ಲ ಕೂರಿಸಿದೆ. ಅಕ್ಕನ ಹೆಸರಿನಲ್ಲೇ ಒಂದು ಅಕ್ಷರ ಕೆಟ್ಟು, ಓದಿದರೆ ನಗುವ ಹಾಗಾಗಿತ್ತು. ಹಾಗೇ ಬಿಟ್ಟಿದ್ದರೆ ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಬೆರಳು ಅದರ ಮೇಲೆಯೇ ಸ್ವಲ್ಪ ಹೊತ್ತು ನಿಂತಿತು. ಸರಿ ಮಾಡಿದೆ, ಯಾಕೆಂದರೆ ತಪ್ಪು ಅಕ್ಷರ ನನ್ನ ಕೈಯಿಂದ ಹೊರಗೆ ಹೋದದ್ದಿಲ್ಲ. ಆಮೇಲೆ ಫೋಟೋ ದೊಡ್ಡದು ಮಾಡಿಕೊಂಡು, ಅತ್ತೆಯ ಸೀರೆಯ ಹಸಿರನ್ನೇ ಸ್ವಲ್ಪ ಸ್ವಲ್ಪ ಎತ್ತಿ ಎತ್ತಿ ನನ್ನ ಬೆರಳುಗಳ ಮೇಲೆ ಹಚ್ಚಿದೆ. ಒಂದೊಂದಾಗಿ ಹೋದವು. ಈಗ ಅತ್ತೆ ತಾವೇ ನೆಟ್ಟಗೆ ಕೂತ ಹಾಗೆ ಕಾಣುತ್ತಿದ್ದರು. ಕಳಿಸಿದೆ. ನಮ್ಮ ನೆಟ್ ನಿಧಾನ, ಹೋಗಲು ಬಹಳ ಹೊತ್ತು ತೆಗೆದುಕೊಂಡಿತು. "ಸೂಪರ್ ಮೇಡಂ, ಗೊತ್ತೇ ಆಗಲ್ಲ" ಅಂತ ಪ್ರೆಸ್ಸಿನವರ ಉತ್ತರ ಬಂತು. ಅದು ನಮ್ಮ ಅತ್ತೆ ಅಂತ ನಾನು ಅವರಿಗೆ ಹೇಳಲಿಲ್ಲ.

ಪೇಪರ್ ಬಂದ ದಿನ ಭಾವ ಅದರ ಪ್ರತಿಯೊಂದನ್ನು ನಮ್ಮ ಬಾಗಿಲ ಹಿಡಿಕೆಗೆ ಸಿಕ್ಕಿಸಿ ಹೋಗಿದ್ದರು. ನನ್ನ ಗಂಡ ಅದನ್ನು ಬಿಡಿಸಿ, ನಿಂತೇ ಓದಿ, ಮಡಚಿ ದೇವರಮನೆಯ ಗೂಡಿನಲ್ಲಿಟ್ಟರು. ಅವರ ಕಿವಿ ಕೆಂಪಗಾಗಿದ್ದು ಕಂಡಿತು. ಅಷ್ಟಾದರೂ ಆಯಿತಲ್ಲ ಅನ್ನಿಸಿತು, ಆದರೆ ಅದರಿಂದ ನನಗೆ ಆಗಬೇಕಾದದ್ದು ಏನೂ ಇರಲಿಲ್ಲ.

ವರ್ಷಾಂತಿಕ ಮೇಲಿನ ಮನೆಯಲ್ಲಿ ನಡೆಯಿತು. ಇವರು ಪಂಚೆ ಉಟ್ಟು ಬೆಳಿಗ್ಗೆಯೇ ಹತ್ತಿ ಹೋದರು. ಕರ್ಮಕ್ಕೆ ಅಣ್ಣನ ಹಿಂದೆ ಕೂರುವುದಕ್ಕೆ ಹೆಸರು ಬೇಕಾಗಿರಲಿಲ್ಲ. ನನ್ನನ್ನು ಬಡಿಸಲು ಕರೆದರು. "ಮಂಡಿ ನೋವು" ಅಂದೆ. ಮಧ್ಯಾಹ್ನ ಇವರು ಬಾಳೆಎಲೆ ಮುಚ್ಚಿದ ತಟ್ಟೆಯಲ್ಲಿ ನನ್ನ ಪಾಲು ತಂದು ಕೀಬೋರ್ಡಿನ ಪಕ್ಕ ಇಟ್ಟರು. ಹಸಿವಾಗಿತ್ತು, ಊಟ ಮಾಡಿದೆ. ವಡೆ ಚೆನ್ನಾಗಿತ್ತು. ಅದನ್ನೂ ಹೇಳಬೇಕಲ್ಲ.